ಪೇಟಿ ಗಾಂಧಾರ

೨೦೦೪ರಲ್ಲಿ ಕಾರವಾರದ ಕೋಡಿಬಾಗ ರಸ್ತೆಯಲ್ಲಿ ನನ್ನದೊಂದು ರೆಕಾರ್ಡಿಂಗ್ ಸ್ಟುಡಿಯೋ ಇತ್ತು. ಸ್ಟುಡಿಯೋ ಎಂಬ ಹೆಸರು ಕೇಳಿ ಬಂದವರು ಒಳಗೆ ಕಾಲಿಟ್ಟ ಮೇಲೆ "ಇಷ್ಟೇಯಾ?" ಎನ್ನುತ್ತಿದ್ದರು. ಹಂಚಿನ ಮನೆಯ ಎರಡು ಕೋಣೆ, ಸದ್ದು ಹೀರಲು ಗೋಡೆಗೆ ಬಡಿದ ಹಳೆ ಗಾದಿ, ಒಂದು ಕಂಪ್ಯೂಟರ್, ನಾಲ್ಕು ಮೈಕು. ಕೊಂಕಣಿ ಭಜನೆ, ಮರಾಠಿ ಅಭಂಗ, ಯಕ್ಷಗಾನದ ಪದ, ಚುನಾವಣೆ ಬಂದರೆ ಜೀಪಿನ ಮೇಲಿಂದ ಕೂಗುವ ಪ್ರಚಾರ, ಇವೇ ನನಗೆ ಅನ್ನ ಹಾಕುತ್ತಿದ್ದವು. ಬಹಳ ವರ್ಷ ಟೇಪಿನ ಮೇಲೆ ಕೆಲಸ ಮಾಡಿದವನು ಆಗಷ್ಟೇ ಕಂಪ್ಯೂಟರಿಗೆ ಬಂದಿದ್ದೆ. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತಿ ಎತ್ತಿ ಒಗೆದನಂತೆ. ನನ್ನ ಕಥೆಯೂ ಅದೇ.

ಆ ವರ್ಷ ನನ್ನ ಕೈಗೆ ಪಿಚ್ ಕರೆಕ್ಷನ್ ಮಾಡುವ ಸಾಫ್ಟ್‌ವೇರ್ ಬಂತು. ಹಾಡುವವರ ಸ್ವರ ಎಲ್ಲಿ ತಗ್ಗಿತು, ಎಲ್ಲಿ ಏರಿತು ಎಂಬುದನ್ನು ಅದು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಹಿಂದೆ ಹನ್ನೆರಡು ಅಡ್ಡಗೆರೆಗಳಿರುತ್ತವೆ, ಪೇಟಿಯ ಹನ್ನೆರಡು ಮನೆಗಳಿದ್ದ ಹಾಗೆ. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ, ಅದರ ಒಂದೊಂದು ಕೀಗೆ ಮನೆ ಎನ್ನುತ್ತಾರೆ. ಹಾಡಿದ ಸ್ವರ ಗೆರೆಯಿಂದ ಆಚೀಚೆ ಸರಿದಿದ್ದರೆ ಒಂದು ಗುಂಡಿ ಒತ್ತಿದರೆ ಸಾಕು, ಹತ್ತಿರದ ಗೆರೆಯ ಮೇಲೆ ಹೋಗಿ ಕೂರುತ್ತದೆ. ಭಜನಾ ಮಂಡಳಿಗಳ ಪಾಲಿಗೆ ಇದು ದೇವರು ಕೊಟ್ಟ ವರವೇ ಆಗಿತ್ತು. ಅಪಸ್ವರಕ್ಕೆ ಹೆಸರಾದ ಒಬ್ಬರು ತಮ್ಮ ಕ್ಯಾಸೆಟ್ ಕೇಳಿ, ಈ ಸಲ ಗಂಟಲು ಚೆನ್ನಾಗಿತ್ತು ಎಂದು ಬೀಗಿಕೊಂಡು ಹೋದರು. ನಾನು ಹಿಂದಿನಿಂದ ನಗುತ್ತಿದ್ದೆ.

ಹೀಗಿರುವಾಗ ಅಂಕೋಲೆಯಿಂದ ಕೆಲವರು ಬಂದರು. ಸುಮತಿ ಅಕ್ಕೋರ ಹಳೆಯ ಶಿಷ್ಯರು. ನಮ್ಮ ಜಿಲ್ಲೆಯಲ್ಲಿ ಶಾಲೆಯ ಶಿಕ್ಷಕಿಗೆ ಅಕ್ಕೋರು ಎನ್ನುವುದು ರೂಢಿ. ಇವರು ಎಳವೆಯಲ್ಲಿ ಧಾರವಾಡದಲ್ಲಿ ಗುರುಗಳ ಮನೆಯಲ್ಲಿದ್ದು ಹಿಂದೂಸ್ತಾನಿ ಗಾಯನ ಕಲಿತವರು. ಆಮೇಲೆ ಅಂಕೋಲೆಗೆ ಬಂದು ಹಗಲು ಶಾಲೆಯಲ್ಲಿ ಲೆಕ್ಕ ಕಲಿಸಿದರು, ಸಂಜೆ ಮನೆಯಲ್ಲಿ ಸಂಗೀತ ಕಲಿಸಿದರು. ದೊಡ್ಡ ಊರಿನ ವೇದಿಕೆ ಹತ್ತಲಿಲ್ಲ. ಎಪ್ಪತ್ತು ದಾಟಿದ್ದರೂ ಅವರ ಹಾಡು ಎಲ್ಲೂ ದಾಖಲಾಗಿರಲಿಲ್ಲ. ಅವರ ಒಂದು ಸಿಡಿ ತರಬೇಕು ಎಂಬುದು ಶಿಷ್ಯರ ಆಸೆ.

ಅಕ್ಕೋರಿಗೆ ಕಾರವಾರಕ್ಕೆ ಬರುವುದು ಕಷ್ಟವೆಂದು ನಾನೇ ಸಾಮಾನು ಹೊತ್ತು ಅಂಕೋಲೆಗೆ ಹೋದೆ. ಮನೆ ಹೆದ್ದಾರಿಗೆ ಹತ್ತಿರ. ಬೇಲೆಕೇರಿ ಬಂದರಿಗೆ ಅದಿರು ಹೊತ್ತ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದ ಕಾಲ ಅದು. ತಬಲಾದವರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ಕಿಟಕಿಗಳಿಗೆ ಕಂಬಳಿ ಕಟ್ಟಿ, ದನಿಗೆ ಬೇರೆ ಮೈಕು ಇಟ್ಟೆ. ಬೆಳಗಿನ ಹೊತ್ತಾದ್ದರಿಂದ ಅಕ್ಕೋರು ತೋಡಿ ರಾಗ ಎತ್ತಿಕೊಂಡರು. ನಾನು ಹಾಡುಗಾರನಲ್ಲ. ಆದರೂ ಅವರು ಗಾಂಧಾರಕ್ಕೆ, ಅಂದರೆ ಸರಿಗಮದ 'ಗ'ಕ್ಕೆ, ಬಂದು ಅಲ್ಲಿ ಮೆಲ್ಲಗೆ ತೂಗುತ್ತ ನಿಂತಾಗ ಕಿವಿಯ ಹೆಡ್‌ಫೋನ್ ತೆಗೆಯಲು ಮನಸ್ಸಾಗಲಿಲ್ಲ. ಮೇಲಿನ 'ಸಾ'ದಲ್ಲಿ, ಅಂದರೆ ತಾರ ಷಡ್ಜದಲ್ಲಿ ಮಾತ್ರ ಉಸಿರು ಸಾಲದೆ ದನಿ ಜಗ್ಗುತ್ತಿತ್ತು. ಒಂದೆರಡು ಕಡೆ ಕೆಮ್ಮು ಬಂತು.

ಮುಗಿದ ಮೇಲೆ ಕೇಳಿದೆ, "ಅಕ್ಕೋರೆ, ಸ್ಟುಡಿಯೋಕ್ಕೆ ಹೋಗಿ ಸ್ವಲ್ಪ ಸಾಪ್ ಮಾಡ್ತೆ. ಆಗ್ಬಹುದಾ?"

"ಅಡ್ಡಿಲ್ಲ," ಎಂದರು. "ಲಾರಿ ಸಪ್ಪಳ ತೆಗೀಲಿಕ್ಕೆ ಆದ್ರೆ ತೆಗಿ ತಮಾ."

ಉತ್ತರ ಕನ್ನಡದವರ 'ಅಡ್ಡಿಲ್ಲ' ಎಂಬ ಮಾತು ರಬ್ಬರಿನ ಹಾಗೆ. ಊಟ ರುಚಿಯಾಗಿದೆ ಎನ್ನಲೂ ಅದೇ, ಬೇಡದ ನೆಂಟನನ್ನು ಒಳಗೆ ಕರೆಯಲೂ ಅದೇ. ಅವರು ಅಡ್ಡಿಲ್ಲ ಎಂದದ್ದು ಲಾರಿಯ ಸಪ್ಪಳಕ್ಕೆ. ನಾನು ಮಾತಿನ ಮೊದಲ ಅರ್ಧವನ್ನಷ್ಟೇ ಎತ್ತಿಕೊಂಡು ಬಸ್ಸು ಹತ್ತಿದೆ. ಆಗ ಕೇಳಿಸಿರಲಿಲ್ಲ ಎಂದು ಈಗ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಕೇಳಿಸಿತ್ತು.

ಸ್ಟುಡಿಯೋದಲ್ಲಿ ಲಾರಿಯ ಸದ್ದು ತಗ್ಗಿಸಿದೆ, ಕೆಮ್ಮು ಕತ್ತರಿಸಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಪಾಪ, ವಯಸ್ಸಾಗಿದೆ, ತಾರ ಷಡ್ಜವನ್ನಾದರೂ ಎತ್ತಿ ನಿಲ್ಲಿಸೋಣ ಅನ್ನಿಸಿತು. ನಿಲ್ಲಿಸಿದೆ. ಚೆನ್ನಾಗಿ ಕಂಡಿತು. ಆ ಹುಮ್ಮಸ್ಸಿನಲ್ಲಿ ಇಡೀ ರಾಗವನ್ನು ಸಾಫ್ಟ್‌ವೇರಿನ ಬಾಯಿಗೆ ಕೊಟ್ಟೆ. ಪರದೆಯ ಮೇಲೆ ಅಕ್ಕೋರ ಗಾಂಧಾರ ಗೆರೆಗಿಂತ ಕೆಳಗೇ ಕಾಣುತ್ತಿತ್ತು. ಪೇಟಿಯ ಎರಡು ಪಕ್ಕದ ಮನೆಗಳ ನಡುವಿನ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲಿಗೆ ನಮ್ಮ ವೃತ್ತಿಯಲ್ಲಿ ಸೆಂಟ್ ಎನ್ನುತ್ತೇವೆ. ಅವರ ಗಾಂಧಾರ ಸುಮಾರು ಇಪ್ಪತ್ತು ಸೆಂಟ್ ಕೆಳಗಿತ್ತು, ಅದೂ ಪ್ರತಿ ಸಲ. ತಪ್ಪುವವರು ಪ್ರತಿ ಸಲ ಒಂದೇ ಅಳತೆಯಲ್ಲಿ ತಪ್ಪುವುದಿಲ್ಲ ಎಂಬುದು ಹೊಳೆಯಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ಒಂದು ಫೋನ್ ಮಾಡಿ ಕೇಳಿದ್ದರೆ ಮುಗಿಯುತ್ತಿತ್ತು. ನಾನು ಗುಂಡಿ ಒತ್ತಿದೆ. ಗಾಂಧಾರ ಗೆರೆಯ ಮೇಲೆ ಕೂತಿತು, ತೂಗಾಟ ನಿಂತಿತು.

ನನ್ನ ಕೈಚಳಕ ಯಾರಿಗಾದರೂ ಗೊತ್ತಾಗುತ್ತದೆಯೇ ಎಂಬ ಕುತೂಹಲ ಹುಟ್ಟಿತು. ಒಂದು ನಿಮಿಷದ ತುಣುಕನ್ನು ತಿದ್ದುವ ಮೊದಲು ಒಮ್ಮೆ, ತಿದ್ದಿದ ಮೇಲೆ ಒಮ್ಮೆ, ಒಂದೇ ಸಿಡಿಗೆ ಹಾಕಿ ಇಟ್ಟುಕೊಂಡೆ. ಬಂದವರಿಗೆಲ್ಲ ಕೇಳಿಸಿ ಯಾವುದು ಚೊಲೋ ಎಂದು ಕೇಳುವುದು ನನಗೊಂದು ಆಟವಾಯಿತು. ದಿನಾ ಬೆಳಿಗ್ಗೆ ಶಾಸ್ತ್ರೀಯ ಸಂಗೀತ ಕೇಳುವ ಬ್ಯಾಂಕಿನ ಅಧಿಕಾರಿ, ಬಂದರಿನ ಐಸ್ ಫ್ಯಾಕ್ಟರಿಯ ಶೇಟರು, ಕಡೆಗೆ ಅಂದು ತಬಲಾ ನುಡಿಸಿದವರು. ಒಬ್ಬರಿಗೂ ಇದು ಯಂತ್ರದ ಕೆಲಸ ಎಂದು ಗೊತ್ತಾಗಲಿಲ್ಲ. ಹೆಚ್ಚಿನವರು ಎರಡನೆಯದೇ ಚೊಲೋ ಎಂದರು. ಬ್ಯಾಂಕಿನವರಂತೂ, "ಮೊದಲನೇದ್ರಲ್ಲಿ ಅಕ್ಕೋರು ಸ್ವಲ್ಪ ಬೇಸುರ ಆಗ್ಯಾರೆ," ಎಂದರು. ಆವತ್ತು ನನ್ನ ಹಿಗ್ಗು ಹೇಳತೀರದು. ಮೂಲ ಫೈಲನ್ನು ಇಟ್ಟುಕೊಳ್ಳುವ ಅಗತ್ಯ ಕಾಣಲಿಲ್ಲ. ಆಗಿನ ಹಾರ್ಡ್ ಡಿಸ್ಕುಗಳಲ್ಲಿ ಜಾಗ ಕಡಿಮೆ, ಅಳಿಸಿ ಅದರ ಮೇಲೆ ಬೇರೆ ಕೆಲಸ ತುಂಬಿದೆ.

ಸಿಡಿ ಬಿಡುಗಡೆಯಾಯಿತು. ಅಕ್ಕೋರ ಮನೆಯಲ್ಲಿ ಸಿಡಿ ಹಾಕುವ ಯಂತ್ರವಿರಲಿಲ್ಲ. ಇದ್ದರೂ ಕೇಳುತ್ತಿರಲಿಲ್ಲವೇನೋ, ತಮ್ಮ ದನಿ ತಾವೇ ಕೇಳುವುದು ಅವರಿಗೆ ಸಂಕೋಚ. ಸಿಕ್ಕವರೆಲ್ಲ ಈ ವಯಸ್ಸಿನಲ್ಲೂ ಎಂಥ ಸುರ ಎಂದು ಹೊಗಳಿದರು. ಅವರು ಸಣ್ಣ ಹುಡುಗಿಯ ಹಾಗೆ ಸೆರಗಿನ ತುದಿ ಬಾಯಿಗೆ ಹಿಡಿದು ನಗುತ್ತಿದ್ದರು. ಅದನ್ನು ನೋಡಿ ನಾನು ಒಳ್ಳೆಯದನ್ನೇ ಮಾಡಿದೆ ಎಂದುಕೊಂಡೆ.

ಆ ಸಿಡಿ ಕೇಳಿಯೇ ಮರುವರ್ಷ ಅವರಲ್ಲಿಗೆ ಕಲಿಯಲು ಬಂದವನು ನಾಗೇಶ. ಚೆಂಡಿಯಾ ಕಡೆಯ ಮೀನುಗಾರ ಮನೆಯವನು, ಕದ್ರಾದ ಪವರ್ ಹೌಸಿನಲ್ಲಿ ಆಪರೇಟರ್, ಆಗ ಮೂವತ್ತರ ಆಸುಪಾಸು. ಶಿಫ್ಟ್ ಡ್ಯೂಟಿ ಆದ್ದರಿಂದ ಅಂಕೋಲೆಗೆ ಬರಲು ಸಿಗುತ್ತಿದ್ದುದು ಎಲ್ಲೋ ಒಂದೊಂದು ಭಾನುವಾರ. ಉಳಿದ ದಿನ ಕ್ವಾರ್ಟರ್ಸಿನಲ್ಲಿ ಸಿಡಿ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದ. ಅಕ್ಕೋರು ಅವನಿಗೆ ಇನ್ನೂ ತೋಡಿ ಕೊಟ್ಟಿರಲಿಲ್ಲ. ಗುರುಪೂರ್ಣಿಮೆಗೆ ಹಾಡಿ ಅವರನ್ನು ಬೆರಗುಗೊಳಿಸಬೇಕು ಎಂದು ಅದನ್ನು ತಾನೇ ಸಿಡಿಯಿಂದ ಕಲಿತ, ಸ್ವರದಿಂದ ಸ್ವರಕ್ಕೆ ಜಾರುವ ಒಂದು ಮೀಂಡ್ ಕೂಡ ಬಿಡದೆ.

೨೦೦೬ರ ಗುರುಪೂರ್ಣಿಮೆಗೆ ಅಕ್ಕೋರ ಮನೆಯಲ್ಲಿ ಶಿಷ್ಯರೆಲ್ಲ ಸೇರಿದ್ದರು. ಸೌಂಡ್ ಸಿಸ್ಟಮ್ ನನ್ನದು. ಹೊರಗೆ ಜಡಿಮಳೆ. ನಾಗೇಶ ಅಕ್ಕೋರ ಕಾಲು ಮುಟ್ಟಿ ಕೂತು ತೋಡಿ ಶುರು ಮಾಡಿದ. ಅಕ್ಕೋರ ಮುಖ ಅರಳಿತು. ಅವನು ಗಾಂಧಾರಕ್ಕೆ ಬಂದ. ಅಕ್ಕೋರು ಕೈ ಎತ್ತಿದರು.

"ನಿಲ್ಸು ತಮಾ. ಗಾಂಧಾರ ಇನ್ನೊಂದ್ಸಲ ತಗೋ."

ಅವನು ತೆಗೆದುಕೊಂಡ. ಅದೇ ಗಾಂಧಾರ, ಗೂಟ ಹೊಡೆದ ಹಾಗೆ ನೆಟ್ಟಗೆ ನಿಂತಿತು.

"ಇದು ಪೇಟಿ ಗಾಂಧಾರ. ತೋಡಿ ಗಾಂಧಾರ ಇನ್ನೂ ಕೆಳಗೆ ಅದೆ, ಪೇಟಿಲಿ ಅದ್ಕೆ ಮನೆ ಇಲ್ಲ. ಯಾರ ಹತ್ರ ಕಲ್ತೆ ಇದನ್ನ?"

ನಾಗೇಶ ಸುತ್ತ ಕೂತವರನ್ನು ನೋಡಿದ. "ನಿಮ್ಮ ಹತ್ರವೇ ಅಕ್ಕೋರೆ. ನಿಮ್ಮ ಸಿಡಿಲಿ ಹೀಂಗೇ ಅದೆ."

ಅಕ್ಕೋರು ನನ್ನ ಕಡೆ ತಿರುಗಿ, "ಹಾಕು ವಿಠ್ಠಲ, ಕೇಳ್ವ," ಎಂದರು. ಸಿಡಿಯನ್ನು ಯಂತ್ರಕ್ಕೆ ಹಾಕಿದ್ದು ನಾನೇ. ತೋಡಿ ಬಂತು, ಗಾಂಧಾರ ಬಂತು. ಅಕ್ಕೋರು ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಹಾಕಿಸಿದರು. ಆಮೇಲೆ ನಾಗೇಶನ ಕಡೆ ತಿರುಗಿದರು.

"ತಪ್ಪು ನಿಂದಲ್ಲ ತಮಾ," ಎಂದರು. "ನಾ ಹಾಡಿದ್ದೇ ಹೀಂಗೆ. ಹಾಡೂವಾಗ ನಂಗೆ ಗೊತ್ತೇ ಆಗ್ಲಿಲ್ಲ. ನನ್ನ ಕಿವಿ ಹೋಯ್ತು ಹೇಳಿ ಆಯ್ತು."

ನಾನು ಎದ್ದು ನಿಂತು ಹೇಳಬೇಕಿದ್ದ ಕ್ಷಣ ಅದು. ಒಂದೇ ವಾಕ್ಯ ಸಾಕಿತ್ತು. ಸುತ್ತ ಅಷ್ಟು ಜನ, ಎಲ್ಲರೂ ನನ್ನ ಗಿರಾಕಿಗಳು ಅಥವಾ ಗಿರಾಕಿಗಳ ನೆಂಟರು. ವೈರು ಸುತ್ತುವ ನೆವದಲ್ಲಿ ಮುಖ ತಗ್ಗಿಸಿದೆ. ಊಟಕ್ಕೆ ಕೂತಾಗ ಅಕ್ಕೋರೇ ಬಡಿಸಲು ಬಂದರು. ನನ್ನ ಎಲೆಯ ಮುಂದೆ ನಿಂತು ಮೆಲ್ಲಗೆ, "ನೀ ಚೊಲೋ ಕೆಲ್ಸ ಮಾಡಿದ್ದೆ ತಮಾ. ಐಬು ಹಾಡಿದವ್ಳದ್ದು," ಎಂದರು. ಅವರು ನನ್ನನ್ನು ಸಮಾಧಾನ ಮಾಡುತ್ತಿದ್ದರು. ನಾಚಿಕೆಯಿಂದ ಮೈ ಹಿಡಿಯಾಯಿತು. ಆದರೂ ಬಾಯಿ ಬಿಡಲಿಲ್ಲ, ಅನ್ನ ಉಂಡು ಎದ್ದೆ.

ಕೆಲವು ವಾರಗಳ ಮೇಲೆ ನಾಗೇಶ ಸ್ಟುಡಿಯೋಕ್ಕೆ ಬಂದ. ಮುಖ ಬಾಡಿತ್ತು. ಅಕ್ಕೋರು ಕಲಿಸುವುದನ್ನು ನಿಲ್ಲಿಸಿದ್ದರು. ಕಿವಿ ಇಲ್ಲದವಳು ಕಲಿಸಿದರೆ ಮಕ್ಕಳು ಕೆಡುತ್ತಾರೆ ಎಂದು ಎಲ್ಲರನ್ನೂ ಬೇರೆಯವರ ಹತ್ತಿರ ಕಳಿಸಿದ್ದರು. ತಂಬೂರಿಗೆ ಗವಸು ಹಾಕಿ ಮೂಲೆಗಿಟ್ಟಿದ್ದರು.

"ವಿಠ್ಠಲಣ್ಣ, ಸಿಡಿ ಮಾಡೂವಾಗ ಮಶೀನಿಂದ ಏನಾರು ಹೆಚ್ಚುಕಮ್ಮಿ ಆಗ್ತದ್ಯಾ?" ಎಂದು ಕೇಳಿದ. "ನಮ್ಮಲ್ಲಿ ರೀಡಿಂಗ್ ತಪ್ಪು ಬಂದ್ರೆ ಮೊದ್ಲು ಮೀಟರ್ ನೋಡ್ತ್ರು. ಸೀದಾ ಟರ್ಬೈನ್ ಬಿಚ್ಚೂದಿಲ್ಲ. ಅವತ್ತು ನಾ ಬಾಯಿ ಮುಚ್ಕಂಡು ಇದ್ರೆ ಅಕ್ಕೋರು ಕಲಿಸ್ತಾ ಇರ್ತಿದ್ರು."

ಬಾಯಿ ಮುಚ್ಚಿಕೊಂಡದ್ದು ನಾನು. ಬಾಯಿ ಬಿಟ್ಟದ್ದಕ್ಕೆ ಅವನು ಕೊರಗುತ್ತಿದ್ದ. ಅಂದು ಅವನಿಗೆ ಎಲ್ಲ ಹೇಳಿದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ತರಿಸಿದ ಚಹಾ ಮುಟ್ಟದೆ ಎದ್ದು, "ಇದನ್ನ ನಂಗೆ ಹೇಳಿ ಎಂತ ಬಂತು?" ಎಂದು ಹೊರಟುಹೋದ.

ಮರುದಿನ ಅಂಕೋಲೆಗೆ ಹೋದೆ. ಮೂಲ ಫೈಲ್ ಇರಲಿಲ್ಲ. ಉಳಿದದ್ದು ನಾನು ಆಟವಾಡಲು ಇಟ್ಟುಕೊಂಡ ಒಂದು ನಿಮಿಷ ಮಾತ್ರ. ಜೊತೆಗೆ ಪ್ಲೇಯರನ್ನೂ ಒಯ್ದಿದ್ದೆ. ಅಕ್ಕೋರು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ಏನೂ ಹೇಳದೆ ಮೊದಲನೆಯ ತುಣುಕು ಹಾಕಿದೆ. ಅವರ ಕೈ ನಿಂತಿತು.

"ಇದು ನಂದು," ಎಂದರು.

ಎರಡನೆಯದು ಹಾಕಿದೆ. ಸ್ವಲ್ಪ ಹೊತ್ತು ಕೇಳಿ, "ಇದನ್ನ ಹಾಡಿದ್ದು ಯಾರು?" ಎಂದರು.

ಅವರ ಕಿವಿಗೆ ಏನೂ ಆಗಿರಲಿಲ್ಲ ಎನ್ನಲು ಇನ್ನೇನು ಬೇಕಿತ್ತು. ಯಾರಿಗೂ ಗೊತ್ತಾಗದ್ದು ಅವರಿಗೆ ಅರ್ಧ ನಿಮಿಷದಲ್ಲಿ ಗೊತ್ತಾಯಿತು. ತಮ್ಮದೇ ದನಿಯನ್ನು ಪರರದ್ದು ಎಂದು ಪಕ್ಕಕ್ಕಿಟ್ಟರು. ನಾನು ಇದ್ದದ್ದನ್ನೆಲ್ಲ ಹೇಳಿದೆ. ಗೆರೆ, ಗುಂಡಿ, ಸೆಂಟ್ ಎಲ್ಲ. ಅವರಿಗೆ ಸಿಟ್ಟು ಬರಬಹುದು, ಇಲ್ಲವೇ ಸಮಾಧಾನವಾಗಬಹುದು ಎಂದುಕೊಂಡಿದ್ದೆ. ಅವರು ಮೊರ ಕೆಳಗಿಟ್ಟು ಕೇಳಿದ್ದು ಒಂದೇ ಮಾತು.

"ಅವತ್ತು ನೀ ಅಲ್ಲೇ ಕೂತಿದ್ದೆ ಅಲ್ಲಾ?"

ಹೌದು ಎಂದೆ. ಮೂವತ್ತು ವರ್ಷದ ವೃತ್ತಿಯಲ್ಲಿ ನನಗೆ ಯಾರೂ ಅಷ್ಟು ಮೆತ್ತಗೆ ಹೊಡೆದಿಲ್ಲ.

ಬರುವ ಭಾನುವಾರ ಶಿಷ್ಯರನ್ನೆಲ್ಲ ಕರೆಯುತ್ತೇನೆ, ಈ ಸಿಡಿ ಹಿಡಿದುಕೊಂಡು ಬಾ ಎಂದರು. ಎಲ್ಲರೆದುರು ನನ್ನಿಂದ ತಪ್ಪು ಒಪ್ಪಿಸುತ್ತಾರೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋದೆ. ಒಪ್ಪಿಕೊಂಡರೆ ಅವರ ಹೆಸರು ಅವರಿಗೆ ಮರಳುತ್ತದೆ, ನನ್ನ ಎದೆಯೂ ಹಗುರಾಗುತ್ತದೆ ಎಂಬ ಆಸೆಯೂ ಇತ್ತು. ನಾಗೇಶ ಡ್ಯೂಟಿ ಬದಲಿಸಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಅಕ್ಕೋರು ನನಗೆ ಮಾತಾಡಲು ಬಿಡಲಿಲ್ಲ. ಎರಡೂ ತುಣುಕು ಹಾಕಲು ಹೇಳಿದರು. ಆಮೇಲೆ ಶಾಲೆಯಲ್ಲಿ ಕೇಳುವ ಹಾಗೆ ಕೇಳಿದರು.

"ಇದ್ರಲ್ಲಿ ತೋಡಿ ಗಾಂಧಾರ ಯಾವುದು? ಎರಡನೇದು ಅನ್ನೋರು ಕೈ ಎತ್ತಿ."

ಕೈಗಳು ಎದ್ದವು. ಮುಕ್ಕಾಲು ಪಾಲಿಗಿಂತ ಹೆಚ್ಚು. ಬಹಳ ವರ್ಷ ಅವರಲ್ಲೇ ಕಲಿತವರು, ಈಗ ತಾವೇ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರು, ಸಂತೋಷದಿಂದ ಕೈ ಎತ್ತಿದ್ದರು. ಅವರೆಲ್ಲರ ಮನೆಯಲ್ಲೂ ಎರಡು ವರ್ಷದಿಂದ ಆ ಸಿಡಿ ತಿರುಗುತ್ತಿತ್ತು. ಅಕ್ಕೋರು ಆ ಕೈಗಳನ್ನು ಒಂದೊಂದಾಗಿ ನೋಡಿದರು. ಅವರ ಮುಖ ಸಣ್ಣದಾಯಿತು. ಗುರುಪೂರ್ಣಿಮೆಯ ದಿನ ತಮ್ಮ ಕಿವಿ ಹೋಯಿತೆಂದು ಹೇಳುವಾಗಲೂ ಅವರು ಅಷ್ಟು ಕುಗ್ಗಿರಲಿಲ್ಲ.

ಆಮೇಲೆ ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಹೇಳಿದೆ. ಎತ್ತಿದ ಕೈಗಳು ಮೆಲ್ಲಗೆ ಇಳಿದವು. ಮುಂದಿನ ಸಾಲಿನ ಒಬ್ಬರು, "ಆದ್ರೂ ಕೇಳೂಕೆ ಚೊಲೋ ಅದೆ ಅಲ್ಲಾ ಅಕ್ಕೋರೆ?" ಎಂದರು. ಅಕ್ಕೋರು ಹಿಂದೆ ಕೂತ ನಾಗೇಶನನ್ನು ನೋಡಿದರು.

"ನೀ ಎಂತಕ್ಕೆ ಕೈ ಎತ್ತಲಿಲ್ಲ?"

"ಮೊದಲನೇದು ನಿಮ್ದು ಹೇಳಿ ವಿಠ್ಠಲಣ್ಣ ಹೇಳಿದ್ಕೆ ಗೊತ್ತದೆ," ಎಂದ ನಾಗೇಶ. "ಆದ್ರೆ ನನ್ನ ಕಿವಿಗೆ ಎರಡನೇದೇ ಸರಿ ಕೇಳ್ತದೆ ಅಕ್ಕೋರೆ. ಎಂತ ಮಾಡ್ಲಿ?"

ಅಕ್ಕೋರು ತಂಬೂರಿಯ ಗವಸು ಬಿಚ್ಚಿದರು. "ಇವ್ನಿಗೆ ಕಲಿಸ್ಬಹುದು," ಎಂದರು. "ಮುಂದೆ ಬಾ ತಮಾ."

ಅಂದಿನಿಂದ ಅವರು ಮತ್ತೆ ಕಲಿಸಿದರು. ನಾಗೇಶನಿಗೆ ಆ ಒಂದು ಸ್ವರ ಬಿಡಿಸಲು ಆ ಮಳೆಗಾಲ ಮುಗಿದು ಚಳಿಗಾಲವೂ ಕಳೆಯಿತು ಎಂದು ಕೇಳಿದ್ದೇನೆ. ಬರುತ್ತಿದ್ದವರು ಮೊದಲಿಗಿಂತ ಬಹಳ ಕಡಿಮೆ. ಸಿಡಿಗಳನ್ನು ಮರಳಿ ಕೊಡಿ ಎಂದು ನಾನು ಮನೆ ಮನೆಗೆ ಹೋದೆ. ಕೆಲವರು ಕೊಟ್ಟರು. ಹೆಚ್ಚಿನವರು ಇರಲಿ ಬಿಡಿ, ನಮಗೆ ಇದೇ ಚೆನ್ನಾಗಿದೆ ಎಂದರು. ಹೊಸದಾಗಿ ಹಾಡಿ, ಮುಟ್ಟದೆ ಹಾಗೇ ಕೊಡುತ್ತೇನೆ ಎಂದು ಅಕ್ಕೋರನ್ನು ಬೇಡಿಕೊಂಡೆ. ಅವರು ಒಪ್ಪಲಿಲ್ಲ. ಕಲಿಯುವವರು ಮನೆಗೆ ಬರಲಿ ಎಂದರು. ಅವರೀಗ ಇಲ್ಲ.

ನನ್ನ ಹತ್ತಿರ ಎಡಿಟಿಂಗ್ ಕಲಿಯಲು ಬರುವವರು ಇವತ್ತಿಗೂ ಕೇಳುವ ಮೊದಲ ಪ್ರಶ್ನೆ, ತಿದ್ದಿದರೆ ಕೇಳುಗರಿಗೆ ಗೊತ್ತಾಗುತ್ತದೆಯೇ ಎಂದು. ಗೊತ್ತಾಗುವುದಿಲ್ಲ ಎಂದೇ ಹೇಳುತ್ತೇನೆ, ಅದರಲ್ಲಿ ಸುಳ್ಳಿಲ್ಲ. ಗೊತ್ತಾಗುವುದಿಲ್ಲ, ಅದಕ್ಕೇ ಹಾಡಿದವರನ್ನು ಕೇಳದೆ ಮುಟ್ಟಬೇಡಿ ಎನ್ನುತ್ತೇನೆ. ಗೊತ್ತಾಗುವಂತಿದ್ದರೆ ಕೇಳುವವರೇ ಉಗಿದು ಸರಿಮಾಡಿಸುತ್ತಿದ್ದರು. ಗೊತ್ತಾಗದ್ದು ಸುಮ್ಮನೆ ಒಳಗೆ ಹೋಗಿ ಕೂರುತ್ತದೆ, ಅಲ್ಲಿಂದ ಇನ್ನೊಬ್ಬರ ಬಾಯಿಗೆ ಹೋಗುತ್ತದೆ.

ಈಚೆಗೆ ಕಾರವಾರದ ಒಂದು ಮನೆಯ ಸಮಾರಂಭಕ್ಕೆ ಹೋಗಿದ್ದೆ. ಹತ್ತು ಹನ್ನೆರಡು ವರ್ಷದ ಹುಡುಗಿಯೊಬ್ಬಳು ತೋಡಿ ಹಾಡಿದಳು. ಒಳ್ಳೆಯ ಕಂಠ. ಗಾಂಧಾರ ಗೆರೆಯ ಮೇಲೆ ಸರಿಯಾಗಿ ಕೂತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಅವಳ ಅಜ್ಜ, ಇವಳಿಗೆ ಕಲಿಸಿದವರು ಸುಮತಿ ಅಕ್ಕೋರ ಶಿಷ್ಯೆ ಎಂದು ಹೆಮ್ಮೆಯಿಂದ ಹೇಳಿದರು. ನಾನು ತಲೆದೂಗಿದೆ. ನನಗೆ ಸರಿಗಮ ನೆಟ್ಟಗೆ ಹಾಡಲು ಬರುವುದಿಲ್ಲ. ಆದರೂ ಆ ಮಗುವಿಗೆ ಗಾಂಧಾರ ಕಲಿಸಿದವನು ನಾನು.